ಜಡೆಗೆ ಬಿದ್ದ ವೋಟು

"ಇವತ್ತು ನಿನ್ನ ಜಡೆ ಹೋಗತ್ತಲ್ಲ ಚುಕ್ಕಿ? ನಾನೂ ಕತ್ತರಿಸಿ ಅಂತಲೇ ವೋಟ್ ಹಾಕಿದೀನಿ!"

ಲಿಫ್ಟಿನಲ್ಲಿ ನಿಂತಿದ್ದ ಆಂಟಿ ನಗುತ್ತಾ ಹೇಳಿದರು. ಚುಕ್ಕಿ ಅವರನ್ನು ಯಾವತ್ತೂ ನೋಡಿರಲಿಲ್ಲ.

"ನೀಲಿ ದೀಪ ಇಲ್ಲದಿದ್ರೆ ನಿಂಗೆ ನಿದ್ದೆ ಬರಲ್ಲ, ಅಲ್ವಾ?"

"ನಿಮಗೆ ಹೇಗೆ ಗೊತ್ತು?"

"ಎಲ್ಲರಿಗೂ ಗೊತ್ತಲ್ಲಮ್ಮಾ!"

ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಚುಕ್ಕಿ ಬ್ರೆಡ್ಡಿನ ಚೀಲವನ್ನೂ ಜಡೆಯನ್ನೂ ಅವುಚಿಕೊಂಡು ಮನೆಗೆ ಓಡಿದಳು.

ಚಿಕ್ಕಮ್ಮ ಆನ್‌ಲೈನಿನಲ್ಲಿ ಕ್ಲಿಪ್ ಮಾರುತ್ತಾಳೆ. ಅದನ್ನು ಮುಡಿದು ಫೋಟೋಗೆ ನಿಲ್ಲುವವಳು ಚುಕ್ಕಿ. ಮುಂದೆ ಯಾವ ಬಣ್ಣ ಎಂದು ಕಸ್ಟಮರುಗಳೇ ವೋಟ್ ಹಾಕುತ್ತಾರೆ. ಶೇರ್ ಮಾಡಿದವರಿಗೆ ಒಂದು ಕ್ಲಿಪ್ ಫ್ರೀ. ಚುಕ್ಕಿಗೂ ಅದು ಮಜವೇ. ಬ್ರೆಡ್ ತರಲು ಹೋಗುವ ಮುಂಚೆ, ಮಲಗಿದ್ದ ತಮ್ಮನ ತಲೆತುಂಬ ಕ್ಲಿಪ್ ಸಿಕ್ಕಿಸಿ ಅಮ್ಮನ ಫೋನಿನಲ್ಲಿ ಫೋಟೋ ತೆಗೆದಿದ್ದಳು. ಇದಕ್ಕೆ ಶೇರೋ ಶೇರು ಎಂದುಕೊಂಡಿದ್ದಳು.

ಆದರೆ ಈ ಸಲ ಜಡೆಯನ್ನೇ ವೋಟಿಗೆ ಹಾಕುವಾಗ ಅವಳನ್ನು ಯಾರೂ ಕೇಳಿರಲಿಲ್ಲ.

ರೂಮಿನಲ್ಲಿ ದೊಡ್ಡ ಲೈಟು ಉರಿಯುತ್ತಿತ್ತು. ನಡುವೆ ಒಂದು ಸ್ಟೂಲು. ಚಿಕ್ಕಮ್ಮನ ಕೈಯಲ್ಲಿ ಕತ್ತರಿ.

"ಬಾ ಬಾ, ಲೈವ್ ಶುರುವಾಗಿದೆ! ಎಷ್ಟೊಂದು ಜನ ಕಾಯ್ತಿದಾರೆ ನೋಡು!"

ಚಿಕ್ಕಮ್ಮನ ಫೋನಿನಲ್ಲಿ ಖಾಲಿ ಸ್ಟೂಲು ಕಾಣುತ್ತಿತ್ತು. ಅದಕ್ಕೇ ಕೆಂಪು ಹಾರ್ಟುಗಳು ಒಂದರ ಹಿಂದೊಂದು ಮೇಲೇರುತ್ತಿದ್ದವು. ಸ್ವಲ್ಪವೂ ಸದ್ದಿಲ್ಲ. ಕೆಳಗೆ ಕಮೆಂಟುಗಳು ಬರುತ್ತಿದ್ದವು.

"ಬಂದ್ಲಾ?"

"ಬಾಗಿಲ ಹತ್ರ ಇದಾಳೆ. ಚಪ್ಪಲಿ ಕಾಣ್ತಿದೆ."

ಚುಕ್ಕಿ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡಳು.

"ಅಯ್ಯೋ, ಬಚ್ಚಿಟ್ಕೊಂಡ್ಲು!"

ಅವಳಿಗೆ ಅಳು ಬಂತು. "ಚಿಕ್ಕಮ್ಮಾ, ಜಡೆ ಕತ್ತರಿಸಬೇಡ. ಲಿಫ್ಟಲ್ಲಿ ಯಾರೋ ಆಂಟಿ ಇದ್ರು. ನನ್ನ ನೀಲಿ ದೀಪದ ವಿಷಯ ಅವರಿಗೆ ಗೊತ್ತು."

"ಯಾರೇ? ನಮ್ಮ ಬಿಲ್ಡಿಂಗಿನವರಾ?"

"ಅಲ್ಲ."

ಚಿಕ್ಕಮ್ಮ ಕತ್ತರಿ ಕೆಳಗಿಳಿಸಿದಳು. "ನೀನು ಮಲಗಿದ್ದಾಗ ತೆಗೆದ ಫೋಟೋ... ಅದರಲ್ಲಿ ದೀಪ ಇತ್ತು. ತುಂಬಾ ಜನ ಶೇರ್ ಮಾಡಿದ್ರು."

ಅವಳು ಮೊದಲು ಹೋಗಿ ಮನೆಯ ಬಾಗಿಲಿನ ಚಿಲಕ ಹಾಕಿದಳು. ಆಮೇಲೆ ಲೈವ್ ನಿಲ್ಲಿಸಿದಳು. ಕತ್ತರಿ ಡ್ರಾಯರಿಗೆ ಹೋಯಿತು.

"ನಿನ್ನ ಕೇಳಬೇಕಿತ್ತು ಕಣೇ," ಎಂದಳು ಮೆಲ್ಲಗೆ.

ಚುಕ್ಕಿ ಒಳಗೆ ಹೋದಳು. ತಮ್ಮ ಇನ್ನೂ ಬಾಯಿ ತೆರೆದುಕೊಂಡು ಮಲಗಿದ್ದ. ಅವಳು ಅಮ್ಮನ ಫೋನಿನಲ್ಲಿದ್ದ ಅವನ ಫೋಟೋ ನೋಡಿದಳು. ಈಗ ನಗು ಬರಲಿಲ್ಲ. ಡಿಲೀಟ್ ಒತ್ತಿದಳು.

ಆಮೇಲೆ ಹಾಸಿಗೆಯ ಅಂಚಿಗೆ ಕೂತು, ಅವನಿಗೆ ಎಚ್ಚರವಾಗದ ಹಾಗೆ, ಕೂದಲಿನಿಂದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.