ಕೆಂಪು ದೀಪದ ಸಾಕ್ಷಿ

"ಪೆಟ್ಟಿಗೆ ಇದೆ, ಒಳಗೆ ಕ್ಯಾಮೆರಾ ಇಲ್ಲ!"

ಮೇಷ್ಟ್ರು ಕತ್ತಲೆ ಕೋಣೆಯ ಕಪ್ಪು ಪರದೆಗಳನ್ನು ಸರಿಸಿಕೊಂಡು ಬಂದು ಹೀಗೆ ಕೂಗಿದಾಗ ನಾನು ಪಕ್ಕದ ಪ್ರಿಂಟ್ ಕೋಣೆಯಲ್ಲಿ ಟ್ರೇ ತೊಳೆಯುತ್ತಿದ್ದೆ. ಟ್ರೇ ಕೈಜಾರಿ ನೀರೆಲ್ಲ ಅಣ್ಣನ ಕಾಲಿನ ಮೇಲೆ ಬಿತ್ತು. ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರಿನ ಅಲ್ಲಾಡುವ ಕಂಬವನ್ನು ಬಿಗಿ ಮಾಡಲು ಅವನು ಮೇಜಿನ ಕೆಳಗೆ ಮಲಗಿದ್ದ.

"ಬೆಳಿಗ್ಗೇನೇ ಸ್ನಾನ ಆಗಿದೆ ಕಣೇ" ಅಂದ. ಅದಾದ ಮೇಲೆ ಸಂಜೆಯವರೆಗೂ ಅವನು ನಗಲಿಲ್ಲ.

ಕಳೆದದ್ದು ಮೇಷ್ಟ್ರ ತಂದೆಯ ಕ್ಯಾಮೆರಾ. ಅಂಗೈಯಗಲದ್ದು, ಬೆಳ್ಳಿ ಅಂಚಿನದು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲವಂತೆ. ಕತ್ತಲೆ ಕೋಣೆಯ ಕಪಾಟಿನಲ್ಲಿ ಚರ್ಮದ ಪೆಟ್ಟಿಗೆಯೊಳಗೆ ಇರುತ್ತಿತ್ತು. ಕಪಾಟಿಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮೊಳೆಗೇ ನೇತುಹಾಕುವುದು ಮೇಷ್ಟ್ರ ರೂಢಿ. ಅದನ್ನು ಕಂಡು ನಗದವರಿರಲಿಲ್ಲ.

ಮೇಷ್ಟ್ರ ಫೋಟೋ ಸ್ಟುಡಿಯೋ ಕೆಳಗೆ, ನಮ್ಮ ಮನೆ ಮೇಲೆ. ಅಪ್ಪ ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದವರು ದೊಡ್ಡಮ್ಮ. ನಾನು ಬೇಗ ಶಾಲೆ ಬಿಟ್ಟೆ. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ, ಆದರೆ ಕಣ್ಣು ಸುಮ್ಮನಿರುವುದಿಲ್ಲ. ಮೇಷ್ಟ್ರ ಹತ್ತಿರ ಟ್ರೇ ತೊಳೆಯುತ್ತ, ಫಿಲ್ಮ್ ತೊಳೆಯುವ ಔಷಧಿ ಕಲಸುತ್ತ ಕೆಲಸ ಕಲಿತಿದ್ದೆ. ಅಣ್ಣನದು ಮರಗೆಲಸ, ಸಣ್ಣಪುಟ್ಟ ರಿಪೇರಿ. ಕಪಾಟಿನ ಬೀಗ ಕೂರಿಸಿದವನೂ ಅವನೇ. ಅವತ್ತು ಅವನ ಮೇಲೆ ಅನುಮಾನ ಬರಲು ಅದೂ ಒಂದು ಕಾರಣ.

ಅಂದು ಇನ್ಫ್ರಾರೆಡ್ ಫಿಲ್ಮಿನ ಮೊದಲ ಪಾಠ. ಕಲಿಯಲು ಬಂದವರು ಮೂವರು: ವಕೀಲರು, ಗಡಿಯಾರದಂಗಡಿಯವರು, ಆಸ್ಪತ್ರೆಯ ನರ್ಸಕ್ಕ. ಬೆಳಿಗ್ಗೆ ಮೇಷ್ಟ್ರು ಎಷ್ಟು ಹುರುಪಿನಲ್ಲಿದ್ದರೆಂದರೆ ಶರ್ಟಿನ ಗುಂಡಿಯನ್ನೇ ತಪ್ಪಾಗಿ ಹಾಕಿಕೊಂಡಿದ್ದರು.

"ನಮ್ಮ ಕಣ್ಣಿಗೆ ಕಾಣದ ಬೆಳಕು ಈ ಫಿಲ್ಮಿಗೆ ಕಾಣುತ್ತೆ" ಅಂದರು. "ಜೀವ ಇರೋ ಎಲೆ ಆ ಬೆಳಕನ್ನ ವಾಪಸ್ ಎಸೆಯುತ್ತೆ. ಅದಕ್ಕೇ ಫೋಟೋದಲ್ಲಿ ಗಿಡಮರ ಎಲ್ಲಾ ಬೆಳ್ಳಗೆ, ಆಕಾಶ ಕಪ್ಪಗೆ ಬರುತ್ತೆ. ಲೆನ್ಸಿಗೆ ಈ ಕಪ್ಪು ಫಿಲ್ಟರ್ ಹಾಕಿದರೆ ನಿಮಗೆ ಏನೂ ಕಾಣಲ್ಲ, ಅದಕ್ಕೆ ಮೊದಲೇ ಕ್ಯಾಮೆರಾನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನೋಡಿಕೊಳ್ಳಿ. ಫೋಕಸ್ ಮಾಡಿದ ಮೇಲೆ ಲೆನ್ಸನ್ನ ಈ ಕೆಂಪು ಚುಕ್ಕೆಗೆ ತಿರುಗಿಸಿ. ಮರೆತರೆ ಎಲ್ಲಾ ಮಂಜು ಮಂಜು. ಇನ್ನೊಂದು ಮಾತು, ನಮ್ಮ ಕೆಂಪು ದೀಪ ಪ್ರಿಂಟಿನ ಕಾಗದಕ್ಕೆ ಮಾತ್ರ. ಈ ಫಿಲ್ಮಿಗೆ ಆ ದೀಪ ಒಂದೇ, ನಡು ಮಧ್ಯಾಹ್ನದ ಬಿಸಿಲು ಒಂದೇ. ಕಗ್ಗತ್ತಲಲ್ಲೇ ರೀಲಿಗೆ ಸುತ್ತಬೇಕು."

"ಕತ್ತಲಲ್ಲಿ ಕೆಲಸ ಅಂದ್ರೆ ನಮ್ಮ ರಾತ್ರಿ ಪಾಳಿ ನೆನಪಾಗುತ್ತೆ" ಅಂತ ನರ್ಸಕ್ಕ ನಕ್ಕರು.

ಹಿತ್ತಲ ಅಂಗಳದ ಮೂರೂ ಗೋಡೆಗಳ ಮೇಲೆ ಎರಡಾಳೆತ್ತರದ ಬಳ್ಳಿ ಹಬ್ಬಿದೆ. ಕತ್ತಲೆ ಕೋಣೆಯ ಹಲಗೆ ಬಾಗಿಲಿನ ಕಿಟಕಿ ಇರುವ ಗೋಡೆಯೂ ಅದರಲ್ಲೇ ಮುಚ್ಚಿಹೋಗಿದೆ. ಮೂವರೂ ಆ ಗೋಡೆಗಳ ಫೋಟೋ ತೆಗೆದರು. ಆಮೇಲೆ ಒಬ್ಬೊಬ್ಬರಾಗಿ ಕತ್ತಲೆ ಕೋಣೆಗೆ ಹೋಗಿ ಫಿಲ್ಮನ್ನು ರೀಲಿಗೆ ಸುತ್ತಿ, ಸ್ಟೀಲ್ ಟ್ಯಾಂಕಿನೊಳಗೆ ಹಾಕಿ ಮುಚ್ಚಿ ತರಬೇಕಿತ್ತು. ಮೊದಲು ಗಡಿಯಾರದವರು ಹೋದರು, ಆಮೇಲೆ ವಕೀಲರು. ನರ್ಸಕ್ಕನ ಸರದಿ ಬಂದಾಗ ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ, ನಾನು ಕೆಂಪು ಚುಕ್ಕೆಗೆ ತಿರುಗಿಸಲೇ ಇಲ್ಲ!"

"ಬಿಸಿಲಿದೆ, ಇನ್ನೊಂದು ಸಲ ತೆಗೀರಿ" ಅಂದರು ಮೇಷ್ಟ್ರು. ನರ್ಸಕ್ಕ ಅಂಗಳದಲ್ಲಿ ಮತ್ತೆ ಫೋಟೋ ತೆಗೆಯುವಷ್ಟರಲ್ಲಿ ನಾನೂ ಮೇಷ್ಟ್ರೂ ಮೊದಲಿನ ಎರಡು ಫಿಲ್ಮುಗಳನ್ನು ತೊಳೆದು ಒಣಗಲು ತೂಗುಹಾಕಿದ್ದೆವು. ಅವರು ಬಂದ ಮೇಲೆ ಹಳೇ ಕ್ಯಾಮೆರಾ ತೋರಿಸುತ್ತೇನೆಂದು ಮೇಷ್ಟ್ರು ಒಳಗೆ ಹೋದರು. ಕೂಗು ಎದ್ದದ್ದು ಆಗ.

"ಯಾರೂ ಹೊರಗೆ ಹೋಗಿಲ್ಲ, ಎಲ್ಲರ ಚೀಲ ನೋಡಿಬಿಡಿ, ನನ್ನದೇ ಮೊದಲು" ಅಂತ ವಕೀಲರೇ ಮುಂದೆ ಬಂದರು. ಚೀಲ, ಜೇಬು, ಅಣ್ಣನ ಹತಾರದ ಪೆಟ್ಟಿಗೆ, ಎಲ್ಲಾ ತಡಕಿದ್ದಾಯಿತು. ಕತ್ತಲೆ ಕೋಣೆಯ ಕಿಟಕಿ ತೆರೆದು ಬಗ್ಗಿ ನೋಡಿದರು, ಅಂಗಳವನ್ನೂ ಸುತ್ತಿದರು. ಎಲ್ಲಿ ನೋಡಿದರೂ ಹಸಿರು ಎಲೆ.

ಆಗ ವಕೀಲರು ಗಂಟಲು ಸರಿಮಾಡಿಕೊಂಡರು. "ಹೇಳೋಕೆ ಮನಸ್ಸಿಲ್ಲ ಮೇಷ್ಟ್ರೇ. ನಾನು ಒಳಗಿದ್ದಾಗ ಈ ಹುಡುಗ ಬಂದು ಕಪಾಟು ತೆಗೆದು ಏನೋ ತಗೊಂಡು ಹೋದ. ನೀವೇ ಕಳಿಸಿರಬೇಕು ಅಂದುಕೊಂಡೆ."

"ನಾನಾ? ಮೇಜಿನ ಕೆಳಗಿಂದ ಎದ್ದೇ ಇಲ್ವಲ್ಲ!" ಅಂದ ಅಣ್ಣ.

"ಎದ್ದಿಲ್ಲ ಅನ್ನೋಕೆ ಸಾಕ್ಷಿ ಯಾರು?"

ಎಲ್ಲರೂ ನನ್ನ ಕಡೆ ನೋಡಿದರು. ಆ ಹೊತ್ತಿನಲ್ಲಿ ನಾನು ಮುಂದಿನ ಸ್ಟುಡಿಯೋ ಕೋಣೆ ಗುಡಿಸುತ್ತಿದ್ದೆ. ಅವನು ಎದ್ದನೋ ಇಲ್ಲವೋ ನಾನು ಕಂಡಿರಲಿಲ್ಲ.

ಮೇಷ್ಟ್ರು ಅಣ್ಣನ ಮುಖ ನೋಡದೆ ಹೇಳಿದರು, "ಸಂಜೆಯೊಳಗೆ ಕ್ಯಾಮೆರಾ ಸಿಗದಿದ್ದರೆ ಪೊಲೀಸರಿಗೆ ಹೇಳ್ತೀನಪ್ಪ. ಅದು ನಮ್ಮಪ್ಪಂದು."

ನಾನು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದೆ.

ದೊಡ್ಡಮ್ಮ ಅರ್ಧ ಆಯಸ್ಸು ರಂಗಮಂದಿರದಲ್ಲಿ ವೇಷದ ಬಟ್ಟೆ ಹೊಲಿದವರು. ಬಟ್ಟೆಯ ರಾಜರನ್ನೂ ರಟ್ಟಿನ ಕಿರೀಟಗಳನ್ನೂ ನೋಡಿ ನೋಡಿ ಅವರಿಗೆ ಯಾವುದು ಅಸಲಿ, ಯಾವುದು ವೇಷ ಎಂದು ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಬೀದಿಯಲ್ಲಿ ಯಾರದ್ದು ಏನು ಕಳೆದರೂ ಅವರು ಹತ್ತುವುದು ನಮ್ಮ ಮೆಟ್ಟಿಲನ್ನೇ. ಹಾಲಿನವನ ಸೈಕಲ್ಲನ್ನೂ, ಟೈಲರ ಮಗಳ ಬಳೆಯನ್ನೂ ದೊಡ್ಡಮ್ಮ ಕುರ್ಚಿಯಿಂದ ಏಳದೆ ಹುಡುಕಿಕೊಟ್ಟದ್ದನ್ನು ಅವರ ಸೂಜಿಗೆ ದಾರ ಪೋಣಿಸುತ್ತ ನಾನೇ ನೋಡಿದ್ದೆ.

ಅವತ್ತು ಮಾತ್ರ ಅವರು ಎದ್ದರು.

"ಅಳು ಆಮೇಲೆ. ಮೊದಲು ನೀನು ಏನು ನೋಡಿದೆ, ಅದು ಹೇಳು. ಕ್ಯಾಮೆರಾ ವಿಷಯ ಬೇಡ, ಬೇರೆ ಏನಾದರೂ."

ಯೋಚಿಸಿದೆ. "ಸ್ಟುಡಿಯೋ ಕೋಣೇಲಿ ಫೋಟೋ ತೆಗೆಸಿಕೊಳ್ಳೋರ ಹಿಂದೆ ಎಲೆಬಳ್ಳಿ ನೇತಾಡುತ್ತಲ್ಲ, ಬಟ್ಟೆಗೆ ಹಸಿರು ಬಣ್ಣ ಬಳಿದದ್ದು? ಗುಡಿಸುವಾಗ ನೋಡಿದೆ, ಎಡಗಡೆ ಒಂದು ಎಳೆ ಇರಲಿಲ್ಲ. ನಿನ್ನೆ ಇತ್ತು."

ದೊಡ್ಡಮ್ಮ ನನ್ನ ಗಲ್ಲ ಹಿಂಡಿದರು. "ನನ್ನ ಚಿನ್ನ! ನಡಿ ಕೆಳಗೆ."

ಮೇಷ್ಟ್ರು ಹಿತ್ತಲ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದರು. ದೊಡ್ಡಮ್ಮ ಅವರನ್ನು ಮಾತಾಡಿಸದೆ ಮೊದಲು ಗಡಿಯಾರದವರನ್ನು ಹಿಡಿದರು.

"ನೀವು ಒಳಗಿದ್ದಾಗ ಪೆಟ್ಟಿಗೇಲಿ ಕ್ಯಾಮೆರಾ ಇತ್ತಾ?"

"ಗೊತ್ತಿಲ್ಲ ಅಮ್ಮ."

"ಯಾರಾದರೂ ಒಳಗೆ ಬಂದರಾ?"

"ಅದೂ ಗೊತ್ತಿಲ್ಲ. ನನಗೇನೂ ಕಾಣಲಿಲ್ಲ." ಅವರು ಬೆವರು ಒರೆಸಿಕೊಂಡರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗು ಹುಡುಕುವ ಮನುಷ್ಯ ಏನೂ ಕಾಣಲಿಲ್ಲ ಅಂದರೆ ಯಾರು ನಂಬುತ್ತಾರೆ? ನನಗೆ ಅವರ ಮೇಲೇ ಅನುಮಾನ ಬಂತು.

ವಕೀಲರು ಹಾಗಲ್ಲ. ಎದೆ ಸೆಟೆಸಿ ನಿಂತು ಹೇಳಿದರು. "ಕಣ್ಣಾರೆ ಕಂಡಿದ್ದೀನಿ. ಪರದೆ ಸರಿಸಿದ, ಮೊಳೆಯಿಂದ ಕೀಲಿ ತಗೊಂಡ, ಕಪಾಟು ತೆಗೆದ."

"ನೀವು ಎದ್ದು ಕೇಳಬಾರದಿತ್ತೇನಪ್ಪಾ?"

"ಹೇಗೆ ಏಳಲಿ? ಅರ್ಧ ಫಿಲ್ಮ್ ರೀಲಿನಲ್ಲಿ, ಅರ್ಧ ಕೈಯಲ್ಲಿ!"

"ಓ. ದೀಪ ಇತ್ತಾ?"

"ಕೆಂಪು ದೀಪ ಉರೀತಿತ್ತು. ಮುಖ ಚೆನ್ನಾಗೇ ಕಾಣಿಸ್ತು."

"ಇನ್ನೊಂದು ಸಲ ಹೇಳಿ, ಫಿಲ್ಮ್ ಕೈಯಲ್ಲೇ ಇತ್ತಲ್ವಾ?" ಕೇಳಿದ್ದನ್ನೇ ಎರಡು ಸಲ ಕೇಳುವುದು ದೊಡ್ಡಮ್ಮನ ಅಭ್ಯಾಸ.

"ಕೈಯಲ್ಲೇ ಇತ್ತಮ್ಮಾ, ಎಷ್ಟು ಸಲ ಹೇಳೋದು!"

ದೊಡ್ಡಮ್ಮ ತೂಗುಹಾಕಿದ ಫಿಲ್ಮುಗಳ ಹತ್ತಿರ ಹೋದರು. "ಇದು ನಿಮ್ಮದಾ? ಗಾಜಿನ ಹಾಗೆ ಎಷ್ಟು ಸ್ವಚ್ಛವಾಗಿ ಬಂದಿದೆ! ಎಲ್ಲೂ ಒಂಚೂರು ಮಸುಕಿಲ್ಲ."

"ಹದಿನೈದು ವರ್ಷದಿಂದ ಮನೇಲಿ ಪ್ರಿಂಟ್ ಹಾಕ್ತೀನಮ್ಮ, ಕೈ ಪಳಗಿದೆ" ಅಂತ ವಕೀಲರು ಮೀಸೆ ಸವರಿಕೊಂಡರು.

ಅಣ್ಣ ಗೋಡೆಗೆ ಒರಗಿ ನಿಂತಿದ್ದ. ನನ್ನ ಮನಸ್ಸೆಲ್ಲ ಅವನ ಮೇಲೇ ಇತ್ತು. ಇಲ್ಲವಾದರೆ ನನಗೂ ಆಗಲೇ ಹೊಳೆಯಬೇಕಿತ್ತು.

"ನರ್ಸಮ್ಮಾ, ನೀವು ಎರಡನೇ ಸಲ ತೆಗೆದ ಫಿಲ್ಮ್ ಎಲ್ಲಿ?" ಅಂದರು ದೊಡ್ಡಮ್ಮ.

"ಕ್ಯಾಮೆರಾದಲ್ಲೇ ಇದೆ. ಈ ಗಲಾಟೇಲಿ ಯಾರು ತೊಳೀತಾರೆ?"

"ಇವಳು ತೊಳೀತಾಳೆ" ಅಂತ ನನ್ನನ್ನು ಮುಂದೆ ತಳ್ಳಿದರು.

ಕಗ್ಗತ್ತಲಲ್ಲಿ ಆ ಫಿಲ್ಮನ್ನು ಬೆರಳಲ್ಲೇ ತಡವಿ ತಡವಿ ರೀಲಿಗೆ ಸುತ್ತಿದೆ. ಒಂದು ಕಡೆ ಸಿಕ್ಕಿಕೊಂಡರೆ, ಒಂದು ಗೀರು ಬಿದ್ದರೆ ಅಣ್ಣನ ಗತಿ ಏನು? ಚಿತ್ರ ಮೂಡಿಸುವ ಡೆವಲಪರ್ ಹಾಕಿದೆ, ಟ್ಯಾಂಕನ್ನು ಮಗುವಿನ ಹಾಗೆ ತೂಗಿದೆ, ಚಿತ್ರ ಅಳಿಯದಂತೆ ಫಿಕ್ಸರ್ ಹಾಕಿದೆ, ತೊಳೆದೆ. ನರ್ಸಕ್ಕ ಬಿಸಿಗಾಳಿ ಮೆಷಿನ್ನು ಹಿಡಿದು ಒಣಗಿಸಿದರು. ಬಿಸಿಲು ಅಂಗಳದಿಂದ ಮಾಡಿನ ಮೇಲೆ ಏರಿತ್ತು.

ದೊಡ್ಡಮ್ಮ ಎಲ್ಲರನ್ನೂ ಪ್ರಿಂಟ್ ಕೋಣೆಗೆ ಕರೆಸಿದರು. ಬಾಗಿಲು ಹಾಕಿ ಕೆಂಪು ದೀಪ ಹಚ್ಚಿದೆ. ಅಣ್ಣ ಬಿಗಿ ಮಾಡಿದ್ದ ಎನ್‌ಲಾರ್ಜರ್ ಕಂಬ ಬಂಡೆಯ ಹಾಗೆ ನಿಂತಿತ್ತು. ಮೊದಲು ಗಡಿಯಾರದವರ ಬೆಳಗಿನ ಫೋಟೋ ಹಾಕಿದೆ. ಟ್ರೇಯಲ್ಲಿ ಕಾಗದ ಅಲುಗಿಸಿದಂತೆ ಗೋಡೆ ಮೂಡಿತು, ಬಳ್ಳಿಯ ಪ್ರತಿ ಎಲೆಯೂ ಉಪ್ಪಿನಂತೆ ಬಿಳಿ.

"ಅಬ್ಬಬ್ಬಾ!" ಅಂದರು ಗಡಿಯಾರದವರು. ಅಷ್ಟು ಹೊತ್ತಿನಲ್ಲೂ ಅವರ ಮುಖ ಅರಳಿತ್ತು.

ಆಮೇಲೆ ನರ್ಸಕ್ಕನ ಎರಡನೇ ಫೋಟೋ. ಅದೇ ಗೋಡೆ, ಅದೇ ಬಿಳಿ ಎಲೆಗಳು. ನಾನು ಟ್ರೇಯ ಮೇಲೆ ಬಗ್ಗಿದ್ದೆ. ಕತ್ತಲೆ ಕೋಣೆಯ ಕಿಟಕಿಯ ಕೆಳಗೆ ಏನೋ ನಿಧಾನವಾಗಿ ಕಪ್ಪಾಗುತ್ತ ಬಂತು. ನನಗೆ ನಾಚಿಕೆ ಮರೆತೇಹೋಯಿತು.

"ಇಲ್ಲಿ ಎಲೆ ಕಪ್ಪಾಗಿದೆ! ಇದು ಎಲೆ ಅಲ್ಲ, ಬಣ್ಣ ಬಳಿದ ಬಟ್ಟೆ!" ಅಂತ ಕೂಗಿಬಿಟ್ಟೆ.

ಅಣ್ಣ ಬಾಗಿಲು ತೆರೆದುಕೊಂಡು ಓಡಿದ, ಹಿಂದೆಯೇ ನರ್ಸಕ್ಕ. ಬೆಳಕು ನುಗ್ಗಿ ಪ್ರಿಂಟು ಹಾಳಾಯಿತು, ಯಾರಿಗೂ ಅದರ ಚಿಂತೆಯಿರಲಿಲ್ಲ. ಎರಡೇ ನಿಮಿಷಕ್ಕೆ ಇಬ್ಬರೂ ಮರಳಿದರು. ಅಣ್ಣನ ಒಂದು ಕೈಯಲ್ಲಿ ಬಟ್ಟೆ ಎಲೆಗಳ ಎಳೆ, ಇನ್ನೊಂದರಲ್ಲಿ ಬೆಳ್ಳಿ ಅಂಚಿನ ಕ್ಯಾಮೆರಾ. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡರು.

"ಸಿಕ್ಕಿತಲ್ಲ, ಮುಗೀತು" ಅಂದರು ವಕೀಲರು. "ಇಟ್ಟವನಿಗೇ ಜಾಗ ಗೊತ್ತಿರುತ್ತೆ. ಹೇಗೆ ನೆಟ್ಟಗೆ ಓಡಿದ ನೋಡಿ!"

"ಫೋಟೋ ನೋಡಿ ಓಡಿದ. ನೀವೂ ನೋಡಿದಿರಿ, ನೀವು ಮಾತ್ರ ಅಲುಗಲಿಲ್ಲ" ಅಂದರು ದೊಡ್ಡಮ್ಮ. ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡರು.

"ಒಂದೊಂದಾಗಿ ಹೇಳ್ತೀನಿ. ಸ್ಟುಡಿಯೋದಿಂದ ಬಣ್ಣದ ಎಲೆ ಹೋಗಿದೆ ಅಂತ ಈ ಹುಡುಗಿ ಹೇಳಿದಳು. ಹಸಿರು ಎಲೆ ಕದ್ದವನು ಅದನ್ನ ಎಲ್ಲಿ ಹಾಕ್ತಾನೆ? ಹಸಿರಿನಲ್ಲೇ. ನಾಟಕದಲ್ಲಿ ಅಂಥ ಎಲೆ ಸಾವಿರ ಹೊಲಿದಿದ್ದೀನಿ, ಕಣ್ಣಿಗೆ ಕಾಡಿನ ಹಾಗೇ ಕಾಣುತ್ತೆ. ಆದರೆ ಜೀವ ಇರೋ ಎಲೆ ಮಾತ್ರ ಬೆಳ್ಳಗೆ ಬರುತ್ತೆ ಅಂತ ಮೇಷ್ಟ್ರು ಮೊನ್ನೆಯಿಂದ ಮೆಟ್ಟಿಲಲ್ಲೆಲ್ಲಾ ಹೇಳ್ಕೊಂಡು ಓಡಾಡ್ತಿದ್ದಾರೆ. ಬೆಳಗಿನ ಫೋಟೋದಲ್ಲಿ ಕಪ್ಪು ಇಲ್ಲ, ನರ್ಸಮ್ಮನ ಎರಡನೇ ಫೋಟೋದಲ್ಲಿ ಇದೆ. ಅಂದರೆ ನಡುವೆ ಯಾರೋ ಕಿಟಕಿಯಿಂದ ಕೈ ಹಾಕಿ ಅಲ್ಲಿ ಸಿಕ್ಕಿಸಿದ್ದಾರೆ. ನರ್ಸಮ್ಮ ಕೆಂಪು ಚುಕ್ಕೆ ಮರೆಯದೇ ಇದ್ದಿದ್ದರೆ ಆ ಎರಡನೇ ಫೋಟೋನೇ ಇರ್ತಿರಲಿಲ್ಲ. ಕಳ್ಳ ಎಲ್ಲಾ ಯೋಚಿಸಿದ್ದ, ಇವರ ಮರೆವು ಒಂದನ್ನ ಬಿಟ್ಟು."

"ಆ ಹೊತ್ತಿಗೆ ಒಳಗೆ ಹೋದವರು ಇಬ್ಬರು, ನಾನು ಮತ್ತು ಇವರು" ಅಂದರು ಗಡಿಯಾರದವರು ಸಣ್ಣ ದನಿಯಲ್ಲಿ.

"ಹೌದು. ನಿಮ್ಮನ್ನ ಕೇಳಿದರೆ ಏನೂ ಕಾಣಲಿಲ್ಲ ಅಂದಿರಿ. ನಿಜ ಹೇಳಿದಿರಿ. ಕಗ್ಗತ್ತಲಲ್ಲಿ ಯಾರಿಗೆ ಏನು ಕಾಣುತ್ತೆ? ವಕೀಲರಿಗೆ ಮಾತ್ರ ಎಲ್ಲಾ ಕಂಡಿತು. ಫಿಲ್ಮ್ ಕೈಯಲ್ಲಿದ್ದಾಗಲೇ, ಕೆಂಪು ದೀಪದಲ್ಲಿ!"

ಮೇಷ್ಟ್ರು ತಟ್ಟನೆ ತಲೆಯೆತ್ತಿದರು. "ಕೆಂಪು ದೀಪದಲ್ಲಾ? ನೀವು ಟ್ಯಾಂಕ್ ಮುಚ್ಚಿ ದೀಪ ಹಾಕಿಕೊಂಡ ಮೇಲೆ ನೋಡಿದಿರಿ ಅಂದುಕೊಂಡಿದ್ದೆ. ಕೆಂಪು ದೀಪ ಉರಿದಿದ್ದರೆ ಆ ಫಿಲ್ಮ್ ತುದಿಯಿಂದ ತುದಿಗೆ ಕಪ್ಪಾಗಿ ಹೋಗಬೇಕಿತ್ತಲ್ಲ!"

"ನೋಡಿ, ಅಲ್ಲಿ ಹೇಗೆ ಗಾಜಿನ ಹಾಗೆ ತೂಗಾಡ್ತಿದೆ" ಅಂದರು ದೊಡ್ಡಮ್ಮ. "ಅವರು ಕಲಿಸಿದ ಹಾಗೇ ಕತ್ತಲಲ್ಲೇ ಸುತ್ತಿದರು. ಟ್ಯಾಂಕ್ ಮುಚ್ಚಿ, ದೀಪ ಹಾಕಿ, ತಮ್ಮ ಕೆಲಸ ಮುಗಿಸಿದರು. ಆದರೆ ಸುಳ್ಳು ಹೇಳುವಾಗ ಹುಡುಗನ ಮುಖ ಕಾಣಬೇಕಿತ್ತು, ಅದಕ್ಕೆ ಬೆಳಕು ಬೇಕಾಯಿತು. ಯಾಕೆ ತಡೀಲಿಲ್ಲ ಅಂದಾಗ ಕೈ ತುಂಬ ಫಿಲ್ಮೂ ಬೇಕಾಯಿತು. ಹದಿನೈದು ವರ್ಷ ಪ್ರಿಂಟ್ ಹಾಕಿದ ಅಭ್ಯಾಸಬಲ, ಕತೆಯಲ್ಲೂ ಕೆಂಪು ದೀಪ ಹಚ್ಚಿಬಿಟ್ಟರು. ಸಾಕ್ಷಿ ಕೇಳೋದು ನಿಮ್ಮ ಕೆಲಸ ಸ್ವಾಮಿ, ಹೇಳೋಕೆ ಹೋಗಬಾರದಿತ್ತು."

ವಕೀಲರ ಕೈ ತಾನಾಗಿ ಮೀಸೆಗೆ ಹೋಗಿ ಅಲ್ಲೇ ನಿಂತಿತು. "ಆ ಕ್ಯಾಮೆರಾ ನನಗೆ ಮಾರಿ ಅಂತ ಮೂರು ಸಲ ಕೇಳಿದೆ, ಮೇಷ್ಟ್ರು ಕೊಡಲ್ಲ ಅಂದರು" ಅಂದರು. "ಪೆಟ್ಟಿಗೇಲಿ ಇಟ್ಟು ಕೊಳೆಸ್ತಿದ್ದರು. ನಾನಾದರೆ ದಿನಾ ಒರೆಸಿ ಇಡ್ತಿದ್ದೆ."

"ಮುಂದಿನ ವಾರ ಪಾಠಕ್ಕೆ ಬಂದು ಗೋಡೆಯಿಂದ ಬಿಡಿಸಿಕೊಂಡು ಹೋಗೋದು, ಅಷ್ಟರಲ್ಲಿ ನಾನು ಲಾಕಪ್ಪಿನಲ್ಲಿ. ಚೆನ್ನಾಗಿದೆ ಲೆಕ್ಕ!" ಅಂದ ಅಣ್ಣ. ಅವನ ದನಿ ಒಡೆಯಿತು.

ಪೊಲೀಸರಿಗೆ ಹೇಳಿ ಕಳಿಸಿದ್ದಾಯಿತು, ಹೆಸರು ಮಾತ್ರ ಬದಲಾಗಿತ್ತು. ಮೇಷ್ಟ್ರು ಅಣ್ಣನ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯಿತಪ್ಪ. ನಿನ್ನ ಮುಖ ನೋಡೋ ಧೈರ್ಯ ಇಲ್ಲ ನನಗೆ."

"ಮುಖ ಬಿಡಿ ಮೇಷ್ಟ್ರೇ, ಕಾಲು ನೋಡಿ" ಅಂದ ಅಣ್ಣ. "ನಿಮ್ಮ ಶಿಷ್ಯೆ ಸುರಿದ ನೀರು ಇನ್ನೂ ಒಣಗಿಲ್ಲ." ಆಗ ನಕ್ಕ. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಮರುದಿನ ಮೇಷ್ಟ್ರು ಕಪಾಟಿನ ಕೀಲಿಯನ್ನು ಮೊಳೆಗೆ ಹಾಕದೆ ಕೊರಳಿಗೆ ಕಟ್ಟಿಕೊಂಡು ಬಂದರು. ನನ್ನ ಕೈಗೆ ತಂದೆಯ ಕ್ಯಾಮೆರಾವನ್ನೂ ಒಂದು ಇನ್ಫ್ರಾರೆಡ್ ರೋಲನ್ನೂ ಇಟ್ಟು, "ಬರೀ ತೊಳೆದದ್ದು ಸಾಕು, ತೆಗಿ" ಅಂದರು. ನಾನು ಅಣ್ಣನನ್ನು ಬಳ್ಳಿಯ ಗೋಡೆಯ ಮುಂದೆ ನಿಲ್ಲಿಸಿದೆ. ಅವನು ವಕೀಲರಂತೆ ಇಲ್ಲದ ಮೀಸೆ ಸವರಿದ, ನನಗೆ ನಗು ತಡೆಯಲಾಗಲಿಲ್ಲ.

ಆ ಫೋಟೋ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಹಿಂದೆ ಹಾಲಿನಂಥ ಎಲೆಗಳು, ಮೇಲೆ ಕಪ್ಪು ಆಕಾಶ, ನಡುವೆ ಅಣ್ಣ ಮಂಜು ಮಂಜಾಗಿ ನಗುತ್ತಿದ್ದಾನೆ. ಬಂದವರೆಲ್ಲ ಇದು ಯಾರ ದೆವ್ವ ಅಂತ ಕೇಳುತ್ತಾರೆ. ನಗುವಿನ ಗಡಿಬಿಡಿಯಲ್ಲಿ ನಾನು ಕೆಂಪು ಚುಕ್ಕೆ ಮರೆತಿದ್ದೆ.