ಬಿಳಿಗರಿಯ ಹನ್ನೆರಡನೆಯ ಮಿಶ್ರಣ

'ಬಿಳಿಗರಿ' ಎಂಬ ಬಟ್ಟೆ ಒಗೆಯುವ ಪುಡಿಯನ್ನು, ನಲವತ್ತೆಂಟು ವರ್ಷಗಳ ಹಿಂದೆ ಹನ್ನೊಂದು ಬಾರಿ ಸೋತು, ಹನ್ನೆರಡನೆಯ ಬಾರಿಗೆ ಹದಕ್ಕೆ ತಂದವನು ನಾನು. ಇಂದು ಅದರ ನೀಲಿ ಪೊಟ್ಟಣವಿಲ್ಲದ ಅಂಗಡಿಯಿಲ್ಲ. ಆದರೆ ಕಂಪನಿಯವರು ಅಚ್ಚು ಹಾಕಿಸಿದ ಇತಿಹಾಸದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ: ಆ ಪುಡಿ ಹದಗೊಂಡದ್ದು, ಒಬ್ಬಾಕೆಯನ್ನು ಉಳಿಸಿಕೊಳ್ಳಬೇಕೆಂಬ ನನ್ನ ಚಡಪಡಿಕೆಯಿಂದ.

ನಾನು ಕೆಮಿಸ್ಟ್. ಆಕೆ ಒಗೆದು ನೋಡುವವಳು. ಬೆಳಗ್ಗೆ ನಾನು ಕಲಸಿದ ಪುಡಿಯಲ್ಲಿ ಕೊಳೆಯಾದ ಬಟ್ಟೆಯ ತುಂಡುಗಳನ್ನು ಕೈಯಿಂದಲೇ ಉಜ್ಜಿ, ಒಣಗಿಸಿ, ಸಂಜೆ ನನಗೊಪ್ಪಿಸುವುದು ಅವಳ ಕೆಲಸ. ನಾನು ಕೈ ಚಾಚಿದರೂ ಅವಳು ತುಂಡುಗಳನ್ನು ಮೇಜಿನ ತುದಿಯಲ್ಲಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದಳು. ಕಣ್ಣಲ್ಲಿ ಮಾತ್ರ ತುಂಟನಗೆ. ಕಣ್ಣು ಕರೆಯುತ್ತಿತ್ತು, ಕೈ ದೂರವಿಡುತ್ತಿತ್ತು. ಈ ಒಗಟಿನಲ್ಲಿ ಮೂರು ತಿಂಗಳು ಬೆಂದೆ.

ಒಂದು ಬುಧವಾರ ಕೇಳಿಯೇಬಿಟ್ಟೆ. "ನನ್ನ ಕೈಯೇನು ಕಚ್ಚುತ್ತಾ?"

"ನಿಮ್ಮ ಕೈಯಲ್ಲ ಕೆಮಿಸ್ಟ್ ಸಾಹೇಬ್ರೆ, ನಿಮ್ಮ ಪುಡಿ ಕಚ್ಚುತ್ತೆ," ಎಂದು ಅಂಗೈ ಬಿಚ್ಚಿದಳು.

ಬೆರಳ ಸಂದುಗಳು ಬಿರಿದು ಕೆಂಪಾಗಿದ್ದವು. ಬಟ್ಟೆಯ ಬಿಳುಪನ್ನು ದೀಪದಡಿ ಹಿಡಿದು ಅಳೆಯುತ್ತಿದ್ದ ನಾನು, ಒಗೆದ ಕೈಯನ್ನು ಒಂದು ದಿನವೂ ನೋಡಿರಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಕೊಳೆ ಹೋಯ್ತಾ ಅಂತ ಕೇಳಿದ್ರಿ, ಹೋಯ್ತು ಅಂದೆ. ಕೈ ಹೇಗಿದೆ ಅಂತ ಕೇಳಿದ್ರಾ? ಸೋಮವಾರದಿಂದ ಬಟ್ಟೆ ಅಂಗಡಿಗೆ ಹೋಗ್ತೀನಿ. ಅಲ್ಲಿ ಹೊಸ ಬಟ್ಟೆ ಮಡಚಿದ್ರೆ ಸಾಕಂತೆ."

ಉಳಿದದ್ದು ಮೂರೇ ದಿನ. ಊಟ ಸೇರಲಿಲ್ಲ, ಕುಳಿತಲ್ಲಿ ಕೂರಲಾಗಲಿಲ್ಲ. ಪುಡಿಯಲ್ಲಿ ಒಗೆಯುವ ಸೋಡಾ ಇಳಿಸಿದರೆ ಕೊಳೆ ಉಳಿಯುತ್ತಿತ್ತು, ಏರಿಸಿದರೆ ಕೊಳೆಯೊಡನೆ ಚರ್ಮವೂ ಹೋಗುತ್ತಿತ್ತು. ಈ ಬಾರಿ ಒಗೆದವನು ನಾನೇ. ಮಾಲೀಕರು ಬಾಗಿಲಲ್ಲಿ ನಿಂತು, "ಏನಯ್ಯಾ, ಕೆಮಿಸ್ಟ್ ಅಂತ ಇಟ್ಕೊಂಡ್ರೆ ಬಟ್ಟೆ ಒಗೀತಾ ಕೂತಿದೀಯಲ್ಲ!" ಎಂದು ಗದರಿದರು. ಶನಿವಾರ ಮಧ್ಯಾಹ್ನ ಸೋಡಾವನ್ನು ಅರ್ಧಕ್ಕಿಳಿಸಿ, ಬಿಟ್ಟ ಕೊಳೆಯನ್ನು ಮತ್ತೆ ಬಟ್ಟೆಗೆ ಅಂಟಲು ಬಿಡದೆ ನೀರಿನಲ್ಲೇ ತೇಲಿಸಿಡುವ ಅಂಟುಪುಡಿಯನ್ನು ಒಂದು ಚಿಟಿಕೆ ಬೆರೆಸಿದೆ. ಅದು ಹನ್ನೆರಡನೆಯ ಮಿಶ್ರಣ.

ಅವಳು ಅಳುಕುತ್ತಲೇ ಕೈ ಅದ್ದಿದಳು. ಕಾದಳು. ಒಂದು ಕಾಲರನ್ನು ಉಜ್ಜಿ ಬೆಳಕಿಗೆ ಹಿಡಿದಳು.

"ಉರೀತಿಲ್ಲ. ಬೆಳ್ಳಗೂ ಆಗಿದೆ."

"ಹಾಗಾದ್ರೆ ಹೋಗಲ್ಲ ತಾನೇ?"

"ಹೋಗ್ತೀನಿ."

ಅವಳು ಓರೆಗಣ್ಣಿನಿಂದ ನನ್ನ ಮುಖವನ್ನು ಬೇಕಾದಷ್ಟು ಹೊತ್ತು ನೋಡಿದಳು.

"ಕೆಲಸ ಬಿಡ್ತೀನಿ ಅಂದೆ. ನಿಮ್ಮನ್ನ ಬಿಡ್ತೀನಿ ಅಂದ್ನಾ? ಅಂಗಡಿ ಆರಕ್ಕೆ ಮುಚ್ಚುತ್ತೆ. ಬಂದು ನಿಂತಿರಿ."

ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ, ಕಿಟಕಿಯ ಬಳಿ ಕುಳಿತಿದ್ದ ನನ್ನ ಹೆಂಡತಿ, "ಆರಕ್ಕಲ್ಲ, ಆರೂವರೆಗೆ. ಇವರು ಐದಕ್ಕೇ ಬಂದು ಕಂಬದ ಹಾಗೆ ನಿಂತಿದ್ರು," ಎಂದಳು.

ಕೇಳುತ್ತಿದ್ದ ಮೊಮ್ಮಗಳು ಎದ್ದುಹೋಗಿ ಅವಳ ಪಕ್ಕದಲ್ಲಿ ಕುಳಿತಳು.

"ತಾತ, ಮೊದಲಿಂದ ಇನ್ನೊಂದ್ಸಲ ಹೇಳಿ. ಈ ಸಲ ಅಜ್ಜಿ ಮಾತನ್ನ ಅಜ್ಜೀನೇ ಹೇಳ್ಲಿ."