ಲಾರಿ ಹತ್ತಿದ ಸಿಂಹಿಣಿ

ಲಾರಿ ರಿವರ್ಸ್ ಬರ್ತಿತ್ತು.

ನೇರ ನಮ್ಮ ಮೇಲೆ!

ಹಾರ್ನ್ ಒತ್ತಿದೆ. ಒತ್ತೇ ಹಿಡಿದೆ. ನಿಲ್ಲಲಿಲ್ಲ. ಅದು ಸುಣ್ಣದ ಕಲ್ಲು ತುಂಬಿದ ಲಾರಿ... ನನ್ನದು ಹದಿನೈದು ವರ್ಷದ ಪುಟಾಣಿ ಕಾರು. ಹಿಂದಕ್ಕೆ ಹೋಗೋಣ ಅಂದರೆ ಬಿಳೀ ಟೂರಿಸ್ಟ್ ವ್ಯಾನ್ ಒಂದು ಅಡ್ಡ ನಿಂತಿದೆ. ಎಡಕ್ಕೆ ಗೋಡೌನ್ ಗೋಡೆ. ಬಲಕ್ಕೆ ಚರಂಡಿ.

"ಆಂಟೀ...!" ಪಕ್ಕದಲ್ಲಿದ್ದ ಶಿಶಿರ್ ಕಿರುಚಿದ.

"ಬಾಯ್ಮುಚ್ಚು! ಕಾಲು ಮೇಲೆತ್ತು!"

ಧಡ್!

ಎಡಗಡೆ ಹೆಡ್‌ಲೈಟ್ ಪುಡಿಪುಡಿ. ಬಾನೆಟ್ ಮೂತಿ ಸೊಟ್ಟ. ಅಷ್ಟಾದ ಮೇಲೆ ಲಾರಿ ನಿಂತಿತು. ಬೇಕಂತಲೇ ಅಷ್ಟಕ್ಕೇ ನಿಂತಿತು.

ಶಿಶಿರನ ಮೊಬೈಲಿನ ಮ್ಯಾಪ್ ಮೇಲೆ ಒಂದು ಕೆಂಪು ಚುಕ್ಕಿ. ನಾವು ಹುಡುಕ್ತಿದ್ದ ಸಿಂಹಿಣಿ ನಮ್ಮಿಂದ ಹತ್ತೇ ಮೀಟರ್ ದೂರದಲ್ಲಿದ್ದಾಳೆ ಅನ್ನುತ್ತಿದೆ.

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾ. ಬೆಳಗ್ಗೆ ಹನ್ನೊಂದು ಗಂಟೆ. ಸಿಂಹಿಣಿ!

ನಗಬೇಡಿ. ಮೊದಲಿಂದ ಹೇಳ್ತೀನಿ.

ನಾನು ಫಿಲೋಮಿನಾ. ಐವತ್ನಾಲ್ಕು ವರ್ಷ. ಹುಟ್ಟಿದ್ದು ಮೈಸೂರು, ನೈರೋಬಿಗೆ ಬಂದು ಇಪ್ಪತ್ತಾರು ವರ್ಷ ಆಯ್ತು. ಕೆಲಸ, ಕದ್ದ ಲಾರಿ ಹುಡುಕೋದು. ಇನ್ಶೂರೆನ್ಸ್ ಕಂಪನಿಯವರು ಕರೀತಾರೆ, ನಾನು ಹೋಗ್ತೀನಿ. ಬಣ್ಣ ಬದಲಾಯಿಸಿಕೊಂಡು ಗಡಿ ದಾಟೋಕೆ ಹೊರಟ ಲಾರಿಯನ್ನ ಬರೀ ಟೈರ್ ನೋಡಿ ಹಿಡಿದವಳು ನಾನು.

ಶನಿವಾರಗಳಲ್ಲಿ ಮಾತ್ರ ಒಲ್‌ಕೇಜುಗೆ ವಾಲಂಟಿಯರ್ ಆಗಿ ಹೋಗ್ತಿದ್ದೆ. ಸಿಟಿಯಿಂದ ದಕ್ಷಿಣಕ್ಕೆ, ಕಿಟೆಂಗೆಲಾ ದಾಟಿ ಇನ್ನೂ ಮುಂದೆ. ಅಲ್ಲಿನ ಮಸಾಯಿ ಕುಟುಂಬಗಳು ತಮ್ಮ ತಮ್ಮ ಜಮೀನು ಒಟ್ಟು ಮಾಡಿ, ಬೇಲಿ ಕಿತ್ತು, ಕಾಡುಪ್ರಾಣಿಗಳಿಗೆ ಬಿಟ್ಟುಕೊಟ್ಟ ಹುಲ್ಲುಗಾವಲು ಅದು. ಸರ್ಕಾರದ್ದಲ್ಲ. ಕಂಪನಿಯದ್ದೂ ಅಲ್ಲ. ನಿರ್ಧಾರ ಎಲ್ಲ ಅವರದೇ, ಒಂದು ಅಕೇಶಿಯಾ ಮರದ ಕೆಳಗೆ.

ವಾಲಂಟಿಯರ್ ಅಂದರೆ ಏನೋ ಅಂದ್ಕೊಂಡಿದ್ದೆ. ಸಿಕ್ಕಿದ್ದು ಮುಳ್ಳಿನ ಬೇಲಿ ಕಟ್ಟೋದು, ಟಾಯ್ಲೆಟ್ಟಿಗೆ ಸುಣ್ಣ ಹಾಕೋದು... ಆಮೇಲೆ ಒಂದು ತಗಡಿನ ರೂಮಲ್ಲಿ ಕೂತು ಸಿಂಹಿಣಿಯ ಕಾಲರ್ ಎಲ್ಲೆಲ್ಲಿ ಓಡಾಡ್ತು ಅಂತ ಬರೆದಿಡೋದು!

ಆ ಸಿಂಹಿಣಿಗೆ ನಸಿಯೆಕು ಅಂತ ಹೆಸರು. ಮೂರು ಮರಿ. ಕತ್ತಲ್ಲಿ ರೇಡಿಯೋ ಕಾಲರ್. ಆ ಕಾಲರ್ ತೋರಿಸೋ ಮ್ಯಾಪ್ ರೇಂಜರ್‌ಗಳ ಹತ್ತಿರ ಇತ್ತು, ಮೂರು ಜನ ವಾಲಂಟಿಯರ್‌ಗಳ ಹತ್ತಿರ ಇತ್ತು. ನಾನು, ಶಿಶಿರ್, ಭಾರ್ಗವಿ. ಅಷ್ಟೇ.

ಒಂದು ತಿಂಗಳಿಂದ ನಸಿಯೆಕು ಒಂದು ಕಡೆ ನಿಲ್ತಿರಲಿಲ್ಲ. ಮರಿಗಳನ್ನ ಬಾಯಲ್ಲಿ ಕಚ್ಚಿಕೊಂಡು ನಾಲ್ಕು ಸಲ ಜಾಗ ಬದಲಾಯಿಸಿದ್ದಳು. ದನದ ದೊಡ್ಡಿಗಳ ಹತ್ತಿರ ಹತ್ತಿರ ಬರ್ತಿದ್ದಳು. ಸಂಕಾಲೆ ಅನ್ನೋ ಮುದುಕರ ಮೂರು ಹಸು ಅವಳ ಬಾಯಿಗೆ ಹೋಗಿತ್ತು. ಯಾಕೆ ಹೀಗೆ ಅಂತ ನನಗೆ ಗೊತ್ತಾಗಿರಲಿಲ್ಲ.

ಆ ಗುರುವಾರ ಬೆಳಗ್ಗೆ ಏಳೂವರೆಗೆ ಶಿಶಿರ್ ಫೋನ್.

"ಆಂಟಿ, ನಸಿಯೆಕು ಹೈವೇ ಮೇಲಿದ್ದಾಳೆ! ಗಂಟೆಗೆ ಅರವತ್ತು ಕಿಲೋಮೀಟರ್ ಸ್ಪೀಡು!"

"ಸಿಂಹ ಅಷ್ಟು ದೂರ ಓಡಲ್ವೋ."

"ಅದಕ್ಕೇ ಆಂಟಿ! ಯಾರೋ ಲಾರಿಗೆ ಹಾಕಿದ್ದಾರೆ!"

ರೇಂಜರ್‌ಗಳ ಮುಖ್ಯಸ್ಥೆ ಸಿಮಲೋಯ್‌ಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಭಾರ್ಗವಿಗೆ ಮಾಡಿದೆ. ಅವಳಿಗೆ ಗಿಗಿರಿಯಲ್ಲಿ ಆಫೀಸು.

"ಆಂಟಿ, ಮೀಟಿಂಗಲ್ಲಿದ್ದೀನಿ. ಒಂದು ಇಮೇಲ್ ಹಾಕ್ತೀರಾ ಪ್ಲೀಸ್?"

ಸಿಂಹ ಲಾರಿ ಹತ್ತಿ ಹೋಗ್ತಿದೆ... ಇವಳಿಗೆ ಇಮೇಲ್!

ಪಂಗಾನಿಯಲ್ಲಿ ಶಿಶಿರ್‌ನ ಅವನ ಮನೆ ಮುಂದೆಯೇ ಹತ್ತಿಸಿಕೊಂಡೆ. ಇಪ್ಪತ್ತೆಂಟರ ಹುಡುಗ, ಬೆಂಗಳೂರಿನವನು, ಎನ್‌ಜಿಓ ಒಂದರಲ್ಲಿ ಕೆಲಸ. ಕಾಲರ್ ಸಿಗ್ನಲ್ಲು ಹದಿನೈದು ನಿಮಿಷಕ್ಕೊಂದು ಸಲ ಬರುತ್ತೆ. ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಗೆ ನಾವು. ನಡುವೆ ಜಾಮು. ಮಟಾಟು ಅನ್ನೋ ಮಿನಿಬಸ್ಸು ಅಡ್ಡ. ಕೈಗಾಡಿ ಅಡ್ಡ. ಹತ್ತು ನಿಮಿಷಕ್ಕೆ ನೂರು ಮೀಟರ್. ಸ್ಟೀರಿಂಗ್ ಕಚ್ಚಿಬಿಡೋಣ ಅನ್ನಿಸ್ತಿತ್ತು!

ಆಗಲೇ ಆ ಬಿಳೀ ವ್ಯಾನ್ ಕಂಡಿದ್ದು.

ಎರಡು ತಿರುವು ಹಿಂದೆಯೇ ಬಂತು. ಮೂರನೆಯದಕ್ಕೂ ಬಂತು. ನಾನು ಒಂದು ಗೋಡೌನ್ ಹಿಂದೆ ನುಗ್ಗಿ, ಇಂಜಿನ್ ಆಫ್ ಮಾಡಿ ಕೂತೆ. ರಸ್ತೆಯಿಂದ ನೋಡಿದರೆ ನಾವು ಕಾಣೋ ಛಾನ್ಸೇ ಇಲ್ಲ.

ಐದು ನಿಮಿಷ. ವ್ಯಾನ್ ಸೀದಾ ಅಲ್ಲಿಗೇ ಬಂತು!

ಅಂದರೆ ನನ್ನ ಗಾಡಿಗೆ ಯಾರೋ ಟ್ರ್ಯಾಕರ್ ಅಂಟಿಸಿದ್ದಾರೆ. ಬೇರೆ ಸಂದಿಯಿಂದ ತಪ್ಪಿಸಿಕೊಂಡು, ಇನ್ನೊಂದು ಮೂಲೆಯಲ್ಲಿ ನಿಲ್ಲಿಸಿ, ಕೆಸರಲ್ಲಿ ಮಂಡಿಯೂರಿ ಕಾರಿನ ಹೊಟ್ಟೆಯೆಲ್ಲ ತಡಕಿದೆ. ಚಕ್ರದ ಮೇಲೆ, ಬಂಪರ್ ಒಳಗೆ... ಏನೂ ಇಲ್ಲ. ಸೀರೆ ಹಾಳಾಯ್ತು. ಮಂಡಿ ನೋವು ಬೇರೆ.

ಮುಂದಿನ ಚುಕ್ಕಿ ಮುಂದೆ ದಾರಿಯಿಲ್ಲದ ಈ ಗಲ್ಲಿ ತೋರಿಸ್ತು. ನುಗ್ಗಿದೆ. ಲಾರಿ ಕಂಡಿತು. ಹಿಂದೆ ವ್ಯಾನ್ ಬಂದು ಅಡ್ಡ ನಿಂತಿತು. ಲಾರಿ ರಿವರ್ಸ್ ತಗೊಂಡಿತು.

ಈಗ ಮುಂದೆ ಕೇಳಿ.

ಲಾರಿಯ ಬಾಗಿಲು ತೆರೆದುಕೊಂಡಿತು. ಇಳಿದವಳು ಸಿಮಲೋಯ್!

ಹಸಿರು ಯೂನಿಫಾರ್ಮ್. ಕೈಯಲ್ಲಿ ದಪ್ಪ ಬೆಲ್ಟಿನ ಹಾಗಿರೋ ಕಾಲರ್. ಸಿಂಹ ಇಲ್ಲ ಏನಿಲ್ಲ. ಬರೀ ಕಾಲರ್!

"ಏನಮ್ಮಾ ಇದು? ನನ್ನ ಕಾರು!"

"ಪೋಲೆ, ಮಮಾ." ದನಿಯಲ್ಲಿ ಕ್ಷಮೆ ಒಂದಿಷ್ಟೂ ಇರಲಿಲ್ಲ. "ನಿನ್ನೆ ಸಂಜೆ ಕಾಲರ್ ತಾನಾಗೇ ಬಿಚ್ಚಿ ಬಿತ್ತು. ಅವಧಿ ಮುಗಿದರೆ ಬೀಳೋ ಹಾಗೇ ಮಾಡಿರ್ತಾರೆ. ಹುಲ್ಲಲ್ಲಿ ಸಿಕ್ತು. ನಸಿಯೆಕು ಎಲ್ಲಿರ್ತಾಳೋ ಅಲ್ಲಿಗೆ ವ್ಯಾನುಗಳು ಬರ್ತಿವೆ, ಒಂದು ತಿಂಗಳಿಂದ. ಮ್ಯಾಪ್ ನೋಡೋರು ಯಾರೋ ಹೇಳ್ತಿದ್ದಾರೆ. ಅದಕ್ಕೆ ನಮ್ಮ ಭಾವನ ಲಾರಿ ಹತ್ತಿದೆ. ಯಾರು ಹಿಂದೆ ಬರ್ತಾರೆ ನೋಡೋಣ ಅಂತ."

"ನನ್ನ ಮೇಲೆ ಡೌಟಾ?"

"ಬಂದಿದ್ದು ನೀವು. ನಿಮ್ಮ ಹಿಂದೆ ವ್ಯಾನು."

ಮೈಯೆಲ್ಲ ಉರಿದುಹೋಯ್ತು. ಆದರೂ ಲೆಕ್ಕ ಹಾಕಿದೆ.

ವ್ಯಾನ್ ಲಾರಿಯ ಹಿಂದೆ ಬಂದಿರಲಿಲ್ಲ. ನನ್ನ ಹಿಂದೆ ಬಂದಿತ್ತು. ಗಾಡಿಯ ಕೆಳಗೆ ಏನೂ ಇರಲಿಲ್ಲ. ಗಾಡಿಯ ಒಳಗೆ?

ತಿರುಗಿ ನೋಡಿದೆ. ಶಿಶಿರ್ ಮೊಬೈಲನ್ನ ತೊಡೆ ಕೆಳಗೆ ತಳ್ಳುತ್ತಿದ್ದ.

"ಕೊಡು."

"ಆಂಟಿ, ಅದು ಪರ್ಸನಲ್..."

"ಕೊಡೋ!"

ಕಸಿದುಕೊಂಡೆ. ಲೈವ್ ಲೊಕೇಶನ್ ಹಂಚ್ತಾ ಇತ್ತು. ಯಾರಿಗೆ ಗೊತ್ತಾ? ಕೆವಿನ್‌ಗೆ! ಟೂರ್ ಕಂಪನಿಯ ಕೆವಿನ್. ಕಾರವಾರದ ಕಡೆಯವನು. ನಮ್ಮ ಚರ್ಚ್‌ನವನೇ!

"ಯಾಕೋ?"

ಶಿಶಿರ್ ಅಳೋಕೆ ಶುರು ಮಾಡಿದ. "ಸಿಂಹಿಣಿ ಎಲ್ಲಿದ್ದಾಳೆ ಹೇಳು, ಒಂದೇ ಸಲ, ಒಂದೇ ಗಾಡಿ ಅಂದ್ರು ಆಂಟಿ. ಗೆಸ್ಟ್‌ಗಳ ಮುಂದೆ ನನ್ನನ್ನ ಲಯನ್ ಎಕ್ಸ್‌ಪರ್ಟ್ ಅಂತ ಪರಿಚಯ ಮಾಡ್ಸಿದ್ರು... ಖುಷಿಯಾಯ್ತು. ಆಮೇಲೆ ಎಂಟು ಗಾಡಿ ಬಂತು. ಸಾಕು ಅಂದೆ. 'ನಿಲ್ಸಿದ್ರೆ ನೀನೇ ಹೇಳಿದ್ದು ಅಂತ ಎಲ್ಲರಿಗೂ ತೋರಿಸ್ತೀನಿ' ಅಂದ್ರು. ಇವತ್ತು ಸಿಂಹ ಎಲ್ಲಿಗೆ ಹೋಗ್ತಿದೆ ಅಂತ ಅವರಿಗೂ ಗಾಬರಿ. ಲೊಕೇಶನ್ ಆನ್ ಮಾಡಿಡು ಅಂದ್ರು."

ಅಷ್ಟರಲ್ಲಿ ವ್ಯಾನಿನಿಂದ ಕೆವಿನ್ ಇಳಿದ. ಕಪ್ಪು ಕನ್ನಡಕ. ಬಿಳೀ ನಗು.

"ಅಕ್ಕಾ, ನೀವಾ? ಏನು ವಿಷಯ? ಆ ಮೊಬೈಲ್ ಇಲ್ಲಿ ಕೊಡಿ. ಹುಡುಗ ಏನೋ ತಪ್ಪು ಮಾಡಿದ್ದಾನೆ, ನಾನು ಮಾತಾಡ್ತೀನಿ."

"ಮೊಬೈಲ್ ಅವನದು. ನಿನಗ್ಯಾಕೆ?"

ನಗು ಮಾಯ. "ಅಕ್ಕಾ... ಇದು ನಿಮ್ಮ ಲಾರಿ ವ್ಯವಹಾರ ಅಲ್ಲ. ನನ್ನ ಹತ್ತಿರ ಡ್ರೈವರ್‌ಗಳಿದ್ದಾರೆ. ಒಬ್ಬೊಬ್ಬರೂ ಒಂದೊಂದು ಥರ."

ಸಿಮಲೋಯ್ ನನ್ನ ಕಿವಿ ಹತ್ತಿರ ಬಂದಳು. "ಮಮಾ, ಟೈಮಿಲ್ಲ. ಸಂಕಾಲೆ ತಾತನ ಹತ್ತಿರ ವಿಷ ಇದೆ. ಸತ್ತ ಹಸುವಿಗೆ ಸವರೋಕೆ. ಇವತ್ತು ದನ ದೊಡ್ಡಿಗೆ ಬರೋವರೆಗೆ ಮಾತ್ರ ತಡೀತೀನಿ ಅಂದಿದ್ದಾರೆ. ಈ ಹುಡುಗ ಅವರ ಮುಂದೆ ನಿಂತು ನಿಜ ಹೇಳಬೇಕು."

ವಿಷ! ಒಂದು ಹಸುವಿಗೆ ಸವರಿದರೆ ಸಾಕು. ಸಿಂಹಿಣಿ, ಮರಿಗಳು, ಕತ್ತೆಕಿರುಬ, ರಣಹದ್ದು... ಎಲ್ಲ ಸಾಲಾಗಿ ಬೀಳ್ತವೆ.

"ಹತ್ತು!" ಅಂದೆ. ಸಿಮಲೋಯ್ ಹಿಂದಿನ ಸೀಟಿಗೆ ನುಗ್ಗಿದಳು.

ಲಾರಿ ಓಡಿಸ್ತಿದ್ದ ಭಾವ ಮತ್ತೆ ರಿವರ್ಸ್ ತಗೊಂಡ. ಈ ಸಲ ನನ್ನನ್ನ ಉಳಿಸಿ, ಪಕ್ಕದಿಂದ, ವ್ಯಾನಿನ ಮೂತಿಗೆ. ವ್ಯಾನ್ ಚರಂಡಿ ಕಡೆ ವಾಲಿತು. ಸಿಕ್ಕ ಸಂದಿಯಲ್ಲಿ ನಾನು ರಿವರ್ಸಲ್ಲೇ ತೂರಿದೆ. ಎಡಗಡೆ ಕನ್ನಡಿ ಗೋಡೆಗೆ ತಾಗಿ ಹಾರಿಹೋಯ್ತು. ಹೋಗಲಿ!

ಸಿನಿಮಾದಲ್ಲಿ ಚೇಸ್ ನೋಡಿರ್ತೀರಿ. ನೈರೋಬಿಯಲ್ಲಿ ಚೇಸ್ ಹೇಗೆ ಗೊತ್ತಾ? ಮೊಂಬಾಸಾ ರೋಡಿಗೆ ಸೇರೋ ಕಡೆ ಜಾಮು. ನಾನು ನಿಂತೆ. ಆರು ಗಾಡಿ ಹಿಂದೆ ಕೆವಿನ್ ನಿಂತ. ಯಾರೂ ಅಲ್ಲಾಡೋ ಹಾಗಿಲ್ಲ. ಇಪ್ಪತ್ತು ನಿಮಿಷ!

ಕೊನೆಗೆ ಕೆವಿನ್ ವ್ಯಾನಿನಿಂದ ಇಳಿದು ನಡ್ಕೊಂಡೇ ಬಂದ. ಕೈಯಲ್ಲಿ ವೀಲ್ ಸ್ಪ್ಯಾನರ್.

"ಆಂಟಿ, ಬರ್ತಿದ್ದಾರೆ..."

"ಕಾಣ್ತಿದೆ."

ಮೊಬೈಲನ್ನ ಸೀಟಿಗೆ ಹಾಕಿ ಅದರ ಮೇಲೆ ಕೂತೆ. ಕೆವಿನ್ ಕಿಟಕಿ ತಟ್ಟಿದ.

"ಮೊಬೈಲ್, ಅಕ್ಕಾ. ಕೊನೇ ಸಲ ಕೇಳ್ತಿದ್ದೀನಿ."

"ಭಾನುವಾರ ಚರ್ಚಿಗೆ ಬಾ. ಅಲ್ಲಿ ಕೊಡ್ತೀನಿ."

ಫಳ್! ಕಿಟಕಿ ಗಾಜು ನನ್ನ ಮಡಿಲಿಗೆ ಬಿತ್ತು. ಕೆನ್ನೆಯಲ್ಲಿ ರಕ್ತ. ಅವನ ಕೈ ಒಳಗೆ ಬಂತು, ನನ್ನ ಭುಜ ಹಿಡಿಯಿತು... ಹಿಂದಿನ ಸೀಟಿಂದ ಸಿಮಲೋಯ್ ಎಷ್ಟು ಎಳೆದರೂ ಬಿಡಲಿಲ್ಲ.

ನೈರೋಬಿಯಲ್ಲಿ ಒಂದು ಪದ ಇದೆ. ಸುಮ್ಮಸುಮ್ಮನೆ ಯಾರೂ ಬಳಸಲ್ಲ. ಅದನ್ನ ಕೂಗಿದರೆ ಆಮೇಲೆ ಆಗೋದು ಯಾರ ಕೈಯಲ್ಲೂ ಇರಲ್ಲ.

"ಮ್ವೀಜಿ!" ಹೊಟ್ಟೆಯಿಂದ ಕೂಗಿದೆ. "ಮ್ವೀಜಿ! ಮ್ವೀಜಿ!"

ಕಳ್ಳ ಅಂತ.

ಬಾಳೆಹಣ್ಣು ಮಾರೋ ಹೆಂಗಸು ತಿರುಗಿದಳು. ಬಾಡಿಗೆಗೆ ಓಡಿಸೋ ಬೋಡಾ ಬೈಕಿನವರು ಹೆಲ್ಮೆಟ್ ತೆಗೆದು ಕೈಗೆ ತಗೊಂಡರು. ಮಟಾಟುವಿನ ಕಂಡಕ್ಟರ್ ಕೆಳಗೆ ಹಾರಿದ. ಒಡೆದ ಗಾಜು, ಮುದುಕಿಯ ಕೆನ್ನೆಯಲ್ಲಿ ರಕ್ತ, ಗಂಡಸಿನ ಕೈಯಲ್ಲಿ ಕಬ್ಬಿಣ... ಅವರಿಗೆ ಇನ್ನೇನು ಬೇಕು?

ಕೆವಿನ್ ಸ್ಪ್ಯಾನರ್ ಬಿಸಾಕಿ ಓಡಿದ. ಕಪ್ಪು ಕನ್ನಡಕ ರೋಡಲ್ಲೇ ಬಿತ್ತು. ನಾಲ್ಕು ಬೋಡಾ ಅವನ ಹಿಂದೆ. ಅವನು ಪೆಟ್ರೋಲ್ ಬಂಕ್ ಒಂದಕ್ಕೆ ನುಗ್ಗಿದ, ಅಲ್ಲಿನ ಸೆಕ್ಯುರಿಟಿಯವರು ಒಳಗೆ ಹಾಕ್ಕೊಂಡು ಬಾಗಿಲು ಹಾಕಿದರು. ಇಲ್ಲದಿದ್ದರೆ ಏನಾಗ್ತಿತ್ತೋ!

ಆ ಗಲಾಟೆ ಅಡಗಿ ಜಾಮು ಬಿಡೋ ಹೊತ್ತಿಗೆ ಮಧ್ಯಾಹ್ನ ಎರಡು ದಾಟಿತ್ತು. ಅಥಿ ರಿವರ್. ಕಿಟೆಂಗೆಲಾ. ಇಸಿನ್ಯಾ. ಒಡೆದ ಕಿಟಕಿಯಿಂದ ಧೂಳು ಮುಖಕ್ಕೇ.

ನಾವು ಮುಟ್ಟಿದಾಗ ಸಂಜೆ ಐದು. ದೂರದಲ್ಲಿ ದನದ ಗಂಟೆ ಕೇಳ್ತಿತ್ತು. ಮರದ ಕೆಳಗೆ ಹಿರಿಯರು ಕೂತಿದ್ದರು. ನಡುವೆ ಸಂಕಾಲೆ. ಕೆಂಪು ಶುಕಾ ಹೊದ್ದ ಬಡಕಲು ಮುದುಕ. ಕಾಲ ಹತ್ತಿರ ಕೀಟನಾಶಕದ ಡಬ್ಬಿ. ಮುಚ್ಚಳ ತೆಗೆದಿರಲಿಲ್ಲ.

ಶಿಶಿರ್ ನಿಂತ.

"ಹೇಳು," ಅಂದೆ.

ಹೇಳಿದ. ಎಲ್ಲ. ಸಿಮಲೋಯ್ ಮಸಾಯಿ ಭಾಷೆಗೆ ತಿರುಗಿಸ್ತಾ ಹೋದಳು. ಆಮೇಲೆ ಮೊಬೈಲಲ್ಲಿದ್ದ ಫೋಟೋ ತೋರಿಸಿದಳು. ಕೆವಿನ್ ಹೆಮ್ಮೆಯಿಂದ ಕಳಿಸಿದ್ದ ಫೋಟೋ, ಯಾವುದೋ ದಿಬ್ಬದಿಂದ ತೆಗೆದದ್ದು. ಎಂಟು ವ್ಯಾನು ಸುತ್ತುಗಟ್ಟಿ ನಿಂತಿವೆ. ನಡುವೆ ನಸಿಯೆಕು, ಬಾಯಲ್ಲಿ ಮರಿ.

ಮುದುಕರು ಮೊಬೈಲನ್ನ ಕಣ್ಣಿನ ಹತ್ತಿರ ಹಿಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟರು. ಎರಡು ವ್ಯಾನುಗಳ ನಡುವೆ ಒಂದು ಸಂದಿ.

"ಇಲ್ಲಿ ಮಾತ್ರ ದಾರಿ ಬಿಟ್ಟಿದ್ದೀರಿ ಅವಳಿಗೆ," ಅಂದರಂತೆ. "ಇದು ನನ್ನ ದೊಡ್ಡಿಯ ಕಡೆ."



ಮುದುಕರು ಡಬ್ಬಿ ಎತ್ತಿ ಸಿಮಲೋಯ್ ಕೈಗೆ ಕೊಟ್ಟರು. ಎದ್ದು ದನದ ಎದುರಿಗೆ ಹೋದರು. ಅಷ್ಟೇ.

ತೀರ್ಮಾನ ಬೇಗ ಆಯ್ತು. ಕೆವಿನ್‌ನ ವ್ಯಾನು ಒಲ್‌ಕೇಜುಗೆ ಕಾಲಿಡೋ ಹಾಗಿಲ್ಲ, ದನ ಕಾಯೋರೆಲ್ಲ ಅದರ ನಂಬರ್ ಬಾಯಿಪಾಠ ಮಾಡ್ಕೊಂಡರು. ಶಿಶಿರ್ ಮಳೆಗಾಲದವರೆಗೆ ಪ್ರತಿ ಶನಿವಾರ, ಭಾನುವಾರ ಸಂಕಾಲೆಯವರ ದನ ಕಾಯಬೇಕು. ಮೊಬೈಲ್ ಇಲ್ಲದೆ. ಮತ್ತೆ ಇನ್ಮೇಲೆ ವಾಲಂಟಿಯರ್‌ಗಳಿಗೆ ಮ್ಯಾಪ್ ಇಲ್ಲ.

"ಯಾರಿಗೂ ಇಲ್ವಾ?" ಅಂದೆ.

"ಯಾರಿಗೂ ಇಲ್ಲ, ಮಮಾ."

"ನನಗೂ? ನನ್ನ ಕಾರು ನೋಡು! ನನ್ನ ಮುಖ ನೋಡು! ಕಳ್ಳನ್ನ ಹಿಡಿದುಕೊಟ್ಟಿದ್ದು ನಾನು!"

ಸಿಮಲೋಯ್ ನನ್ನ ಕೆನ್ನೆಯ ರಕ್ತ ಒರೆಸಿದಳು. ನಗಲಿಲ್ಲ.

"ಇಲ್ಲ ಮಮಾ. ಆ ಗಲ್ಲಿವರೆಗೆ ಶಿಶಿರ್‌ನ ಪಕ್ಕದಲ್ಲಿ ಕೂರಿಸ್ಕೊಂಡು ಬಂದಿದ್ದೂ ನೀವೇ."



ಇಪ್ಪತ್ತಾರು ವರ್ಷ ಊರೆಲ್ಲ ಕಳ್ಳರನ್ನ ಹುಡುಕಿದವಳು ನಾನು... ಈ ಕಳ್ಳನ್ನ ಅವನ ಮನೆ ಬಾಗಿಲಿಂದಲೇ ಹತ್ತಿಸಿಕೊಂಡು, ಸೀಟ್ ಬೆಲ್ಟ್ ಹಾಕ್ಕೋ ಮಗಾ ಅಂತ ಹೇಳಿ ಕೂರಿಸಿಕೊಂಡಿದ್ದೆ!